ಎಲೆ ಉದುರಿಸುವ ಆರ್ಕಿಡ್: ಕಾಸರಗೋಡಿನ ಮಳೆಯಲ್ಲಿ ಕ್ಯಾಟಸೀಟಂ

ನಮ್ಮ ಕಡೆ ಆರ್ಕಿಡ್ ಅಂದರೆ ಹೆಚ್ಚಿನ ಮನೆಗಳಲ್ಲಿ ಡೆಂಡ್ರೋಬಿಯಂ, ಇಲ್ಲದಿದ್ದರೆ ವಾಂಡಾ. ಹಳೆಯ ಹಲಸಿನ ಮರಗಳಲ್ಲಿ ತಾನಾಗಿ ಬಂದ ಸೀತಾಳೆಯೂ ಉಂಟು. ಇವೆಲ್ಲ ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಕ್ಯಾಟಸೀಟಂ ಹಾಗಲ್ಲ. ವರ್ಷಕ್ಕೊಮ್ಮೆ ಎಲೆಯೆಲ್ಲ ಉದುರಿಸಿ, ಗಡ್ಡೆಯ ಹಾಗೆ ಉಬ್ಬಿದ ಕಾಂಡಗಳನ್ನು, ಅಂದರೆ ದಪ್ಪ ಬಲ್ಬುಗಳನ್ನು ಮಾತ್ರ ಉಳಿಸಿಕೊಂಡು ಮಲಗಿಬಿಡುತ್ತದೆ. ಆಗ ಅದಕ್ಕೆ ನೀರು ಬೇಡ, ಗೊಬ್ಬರ ಬೇಡ. ಎದ್ದ ಮೇಲೆ ಎಷ್ಟು ಕೊಟ್ಟರೂ ಬೇಕು. ಬದಿಯಡ್ಕದ ಹತ್ತಿರದ ನಮ್ಮ ಅಡಿಕೆ ತೋಟದ ಮನೆಯಲ್ಲಿ ಇದನ್ನು ಬೆಳೆಸುತ್ತಾ ಬಂದ ಹಾಗೆ ನನಗೆ ಗಟ್ಟಿಯಾದ ಒಂದು ಮಾತು ಏನೆಂದರೆ, ಇದರ ಹೂವು ಮಳೆಗಾಲದ ಬೆಳಕಿನಲ್ಲೇ ತೀರ್ಮಾನವಾಗುತ್ತದೆ.

ಇದರ ಊರು ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗಿನ ಕಾಡುಗಳು. ಅಲ್ಲಿ ಹಲವು ಕಡೆ ನಮ್ಮ ಹಾಗೆಯೇ ಕೆಲವು ತಿಂಗಳು ಜೋರು ಮಳೆ, ಕೆಲವು ತಿಂಗಳು ಪೂರ್ತಿ ಒಣ. ಹಾಗಾಗಿ ಇದರ ಕ್ಯಾಲೆಂಡರ್ ನಮ್ಮ ಊರಿಗೆ ತುಂಬ ಚೆನ್ನಾಗಿ ಹೊಂದುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನಿದ್ದೆ, ಬೇಸಿಗೆಯಲ್ಲಿ ಚಿಗುರು, ಮಳೆಗಾಲವಿಡೀ ಬೆಳವಣಿಗೆ. ಸೈಕ್ನೋಕಸ್, ಮಾರ್ಮೋಡೆಸ್, ಕ್ಲೋವೀಸಿಯಾ ಕೂಡ ಇದೇ ಬಳಗ. ಇವುಗಳನ್ನು ಬೆರೆಸಿ ಮಾಡಿದ ಹೈಬ್ರಿಡ್‌ಗಳೂ ಈಗ ಸಿಗುತ್ತವೆ, ಅವುಗಳಲ್ಲಿ ಕಪ್ಪು ಎನ್ನುವಷ್ಟು ಗಾಢ ಬಣ್ಣದ ಹೂಗಳೂ ಇವೆ. ಆರೈಕೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ.

ಹೊಸಬರಿಗೆ ಕಷ್ಟವಾಗುವುದು ನೀರು ಕೊಡದೆ ಇರುವುದು. ಫೆಬ್ರವರಿಯಲ್ಲಿ ಬೋಳು ಬಲ್ಬುಗಳ ಕುಂಡಗಳು ಸಾಲಾಗಿ ನೇತಾಡುವಾಗ ನಮ್ಮ ಅತ್ತೆಗೆ ನೋಡಲಿಕ್ಕಾಗುವುದಿಲ್ಲ. "ಇದರ ಪ್ರಾಣ ಹೋದ ಹಾಗೆ ಉಂಟಲ್ಲ ಮಾರಾಯ್ತಿ, ಒಂದು ಚೆಂಬು ನೀರಾದರೂ ಹೊಯ್ಯಬಾರದೋ?" ಎನ್ನುತ್ತಾರೆ. "ಬೇರು ಬರಲಿ ಅತ್ತೆ, ಆಮೇಲೆ ನೀವೇ ಹೊಯ್ಯಿರಿ" ಎನ್ನುತ್ತೇನೆ.

ಬಲ್ಬ್ ಅಂದರೆ ಗಿಡದ ಪತ್ತಾಯ, ಕಾಳು ತುಂಬಿಡುವ ಪೆಟ್ಟಿಗೆಯ ಹಾಗೆ. ಚಿಗುರು ಬರುವಾಗ ಬೇಕಾದ ನೀರೂ ಆಹಾರವೂ ಅದರೊಳಗೇ ಇದೆ. ಹಳೆ ಬೇರುಗಳು ಅಷ್ಟು ಹೊತ್ತಿಗೆ ಸತ್ತಿರುತ್ತವೆ, ಹೊಯ್ದ ನೀರನ್ನು ಹೀರಲು ಯಾರೂ ಇಲ್ಲ. ಆ ನೀರು ಸುಮ್ನೆ ಕುಂಡದಲ್ಲಿ ನಿಂತು ಹೊಸ ಬೇರಿನ ತುದಿಯನ್ನು ಕೊಳೆಸುತ್ತದೆ. ಚಿಗುರಿನ ಮಡಿಕೆಯೊಳಗೆ ಹನಿ ನಿಂತರೆ ಚಿಗುರೇ ಕಪ್ಪಾಗಿ ಕಳಚಿ ಬರುತ್ತದೆ. ಅದಕ್ಕೇ ಹೊಸ ಬೇರು ಮೂರ್ನಾಲ್ಕು ಇಂಚು ಉದ್ದ ಆಗುವವರೆಗೆ ಕಾಯಬೇಕು. ಬರೀ ಚಿಗುರು ನೋಡಿ ನೀರು ಶುರು ಮಾಡುವಂತಿಲ್ಲ, ಬೇರು ನೋಡಬೇಕು. ಅದು ಕಾಣಲಿ ಎಂದೇ ಪಾರದರ್ಶಕ ಪ್ಲಾಸ್ಟಿಕ್ ಕುಂಡ ಬಳಸುತ್ತೇನೆ. ಏಪ್ರಿಲ್ ಸೆಕೆಗೆ ಬಲ್ಬ್ ಸ್ವಲ್ಪ ಸುಕ್ಕಾಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ತೀರಾ ಮುದುಡಿದರೆ ಮಾತ್ರ ಕುಂಡದ ಅಂಚಿನಲ್ಲಿ ಒಂದೆರಡು ಚಮಚ ನೀರು ಬಿಡುತ್ತೇನೆ.

ಕುಂಡ ಬದಲಿಸುವುದು ಚಿಗುರು ಬೆರಳಿನ ಗಂಟಿನಷ್ಟು ಆದಾಗ, ಬೇರು ಹೊರಡುವ ಮೊದಲು. ಸತ್ತ ಬೇರುಗಳನ್ನು ಕತ್ತರಿಸಿ ತೆಗೆದು, ಬುಡಕ್ಕೆ ಇದ್ದಿಲು ಮತ್ತು ಹೆಂಚಿನ ಚೂರು ಹಾಕಿ, ಮೇಲೆ ಹೊಸ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಒಣ ಪಾಚಿ) ತುಂಬುತ್ತೇನೆ. ನಾಲ್ಕು ಇಂಚಿನ ಕುಂಡ ಸಾಕು. ನಮ್ಮಲ್ಲಿ ತೆಂಗಿನ ಸಿಪ್ಪೆಗೆ ಬರವಿಲ್ಲ, ನೆನೆಸಿ ಉಪ್ಪು ತೆಗೆದು ಅದನ್ನೂ ಬಳಸಬಹುದು. ಆದರೆ ಈ ಗಿಡಕ್ಕೆ ನನಗೆ ಮಾಸ್ ಮೇಲೆಯೇ ನಂಬಿಕೆ. ಬೆಳೆಯುವ ಕಾಲದಲ್ಲಿ ಇದರ ಬೇರು ಒಣಗಲೇಬಾರದು.

ಈಗ ಮಳೆಗಾಲದ ವಿಷಯ. ಪತ್ತನಾಜೆ, ಅಂದರೆ ಮೇ ಕೊನೆಯ ಹೊತ್ತಿಗೆ ಬೇರು ಕುಂಡದ ಗೋಡೆ ಮುಟ್ಟಿರಬೇಕು, ಎಲೆ ಬಿಚ್ಚಿರಬೇಕು. ಜೂನ್ ಬಂದ ಮೇಲೆ ಗಿಡಕ್ಕೆ ನೀರಿನ ಚಿಂತೆ ಇಲ್ಲ, ಬೆಳಕಿನದೇ ಚಿಂತೆ. ಅಡಿಕೆ ತೋಟದೊಳಗೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಗಲೇ ಮಂಕು. ಅಲ್ಲಿ ನೇತುಹಾಕಿದ ಕ್ಯಾಟಸೀಟಂ ಉದ್ದುದ್ದ ಎಲೆ ಬಿಟ್ಟು ಸೊಂಪಾಗಿಯೇ ಕಾಣುತ್ತದೆ. ಬಲ್ಬ್ ಮಾತ್ರ ಸಪೂರ. ಸಪೂರ ಬಲ್ಬಿನಿಂದ ಹೂವನ್ನು ನಿರೀಕ್ಷಿಸಲಾಗದು. ಹಾಗೆಂದು ಬಯಲಿನಲ್ಲಿ ಇಟ್ಟರೆ ದಿನಗಟ್ಟಲೆ ಸುರಿಯುವ ಮಳೆಗೆ ಎಳೆ ಚಿಗುರಿನ ನಡುವೆ ನೀರು ನಿಂತು ಕೊಳೆಯುತ್ತದೆ. ಬೆಳಕು ಬೇಕು, ತಲೆಗೆ ಮಳೆ ಬೀಳಬಾರದು.

ಅಂಥ ಜಾಗ ನಮ್ಮ ಅಂಗಳದಲ್ಲೇ ಇತ್ತು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು. ಅಡಿಕೆ ಕೆಲಸ ಮುಗಿದ ಮೇಲೆ ಜೂನ್‌ನಿಂದ ಅದು ಖಾಲಿ. ಮೇಲೆ ಪಾರದರ್ಶಕ ಹೊದಿಕೆ, ನಾಲ್ಕೂ ಕಡೆ ಬೆಳಕು. ಬದಿಯ ಪ್ಲಾಸ್ಟಿಕ್ಕನ್ನು ಆಳೆತ್ತರಕ್ಕೆ ಸುತ್ತಿ ಕಟ್ಟುತ್ತೇನೆ, ಗಾಳಿ ಆಡಬೇಕಲ್ಲ. ಮುಚ್ಚಿಬಿಟ್ಟರೆ ಬಿಸಿಲು ಬಂದ ಒಂದೇ ಗಂಟೆಯಲ್ಲಿ ಒಳಗೆ ಬೆಂದುಹೋಗುತ್ತದೆ. ಪೈಪಿಗೆ ಕಂಬಿ ಕಟ್ಟಿ ಕುಂಡಗಳನ್ನು ತೂಗುಹಾಕುತ್ತೇನೆ. ಮಳೆ ಬಿಟ್ಟು ಬಿಸಿಲು ಕಾಯುವ ಸೆಪ್ಟೆಂಬರ್‌ನಲ್ಲಿ ಮೇಲೆ ಒಂದು ತೆಳು ನೆರಳು ಬಲೆ ಹಾಕಿದರಾಯಿತು. ಎಲೆ ಸ್ವಲ್ಪ ಹಳದಿ ಕಡೆ ವಾಲಿದ ಹಸಿರಾಗಿ, ಗಟ್ಟಿಯಾಗಿ ನೆಟ್ಟಗೆ ನಿಂತಿದ್ದರೆ ಬೆಳಕು ಸರಿ ಇದೆ ಎಂದರ್ಥ. ಕಡು ಹಸಿರಾಗಿ ಜೋತುಬಿದ್ದರೆ ಕಡಿಮೆ. ಈ ವರ್ಷದ ಬಲ್ಬ್ ಹೋದ ವರ್ಷದ್ದಕ್ಕಿಂತ ದಪ್ಪ ಉಂಟೋ ಇಲ್ಲವೋ ಎನ್ನುವುದನ್ನೇ ನಾನು ಎಲ್ಲಕ್ಕಿಂತ ಮೊದಲು ನೋಡುವುದು.

ಗೂಡಿನೊಳಗೆ ಮಳೆ ಬೀಳದ ಕಾರಣ ದಿನವೂ ನೀರು ಕೊಡಬೇಕು, ಸುರಿಯುವ ಮಳೆಯ ನಡುವೆಯೂ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ನಮ್ಮ ಸುರಂಗದ ನೀರನ್ನೇ ಬಳಸುತ್ತೇನೆ. ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ) ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಹಾಕುತ್ತೇನೆ. ಮಾಸ್ ಮೇಲೆ ನಿಧಾನವಾಗಿ ಕರಗುವ ಗೊಬ್ಬರದ ಕೆಲವು ಕಾಳು ಬೇರೆ. ಬೇರೆ ಆರ್ಕಿಡ್‌ಗಳಿಗಿಂತ ಇದು ಜಾಸ್ತಿ ತಿನ್ನುವ ಗಿಡ. ನಾಲ್ಕೈದು ತಿಂಗಳಲ್ಲಿ ಇಡೀ ಬಲ್ಬ್ ಕಟ್ಟಬೇಕಲ್ವಾ? ಸೆಗಣಿ ನೀರು, ಹಿಂಡಿ ನೀರು ಮಾತ್ರ ಹಾಕುವುದಿಲ್ಲ. ಮಾಸ್ ಬೇಗ ಹಾಳಾಗುತ್ತದೆ.

ಆಗಸ್ಟ್ ಕೊನೆಯಿಂದ ಕಾಯುವ ಕೆಲಸ. ಕ್ಯಾಟಸೀಟಂ, ಕ್ಲೋವೀಸಿಯಾಗಳಲ್ಲಿ ಹೂದಂಟು ಬಲ್ಬಿನ ಬುಡದಿಂದ ಹೊರಡುತ್ತದೆ, ಸೈಕ್ನೋಕಸ್‌ನಲ್ಲಿ ಮೇಲಿನ ಗಂಟುಗಳಿಂದ. ಬುಡದಲ್ಲಿ ಕಾಣುವ ಮೊಳಕೆ ಚಿಗುರೋ ಹೂದಂಟೋ ಎಂದು ಮೊದಲ ದಿನಗಳಲ್ಲಿ ಹೇಳಲಾಗದು. ಚಪ್ಪಟೆಯಾಗಿ ಬೀಸಣಿಗೆಯ ಆಕಾರಕ್ಕೆ ತಿರುಗಿದರೆ ಚಿಗುರು, ದುಂಡಗೆ ಸಪೂರವಾಗಿ ಉದ್ದವಾದರೆ ಹೂದಂಟು. ಈ ಸಮಯದಲ್ಲಿ ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು ಬರಲೇಬೇಕು. ಬಸವನಹುಳ ಒಂದೇ ರಾತ್ರಿಯಲ್ಲಿ ಎಳೆ ಹೂದಂಟನ್ನು ಬುಡದವರೆಗೆ ತಿಂದು ಮುಗಿಸುತ್ತದೆ.

ಹೂ ಅರಳಿದಾಗ ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ಪರಿಮಳ ಗೂಡು ತುಂಬಿರುತ್ತದೆ. ಗಂಡು ಹೂವಿನೊಳಗೆ ಮೀಸೆಯಂಥ ಎರಡು ಎಳೆಗಳಿವೆ. ಅವನ್ನು ಮುಟ್ಟಿದ ಕ್ಷಣ ಪರಾಗದ ಗಂಟು ಚಿಮ್ಮಿ ಬಂದು ಅಂಟಿಕೊಳ್ಳುತ್ತದೆ. ಅದರ ಊರಿನಲ್ಲಿ ಪರಿಮಳ ಸಂಗ್ರಹಿಸಲು ಬರುವ ಗಂಡು ಯೂಗ್ಲಾಸೈನ್ ಜೇನುನೊಣದ ಬೆನ್ನಿಗೆ ಅಂಟುತ್ತದೆ. ಆ ನೊಣ ನಮ್ಮ ದೇಶದಲ್ಲಿ ಇಲ್ಲ. ಚಾರ್ಲ್ಸ್ ಡಾರ್ವಿನ್ ಕಿಟಕಿಯಿಂದ ಒಂದು ಗಜ ದೂರದಲ್ಲಿ ಹೂ ಹಿಡಿದು ಮುಟ್ಟಿದಾಗ ಪರಾಗ ಹೋಗಿ ಗಾಜಿಗೆ ಬಡಿಯಿತಂತೆ. ಚಿಮ್ಮಿದ ಮೇಲೆ ಆ ಹೂ ಬೇಗ ಬಾಡುತ್ತದೆ. ಮನೆಗೆ ಬಂದ ಮಕ್ಕಳಿಗೆ ಗೊಂಚಲಿನಲ್ಲಿ ಒಂದು ಹೂವನ್ನು ಮಾತ್ರ ಮುಟ್ಟಲು ಬಿಡುತ್ತೇನೆ. ಒಂದು ಹೂವು ಅದಕ್ಕೆ ಹೋದರೆ ನನಗೆ ಬೇಸರವಿಲ್ಲ.

ಹೆಣ್ಣು ಹೂವಿನ ರೂಪವೇ ಬೇರೆ. ದಪ್ಪ, ಹಸಿರು, ಟೊಪ್ಪಿ ಹಾಕಿದಂತೆ, ಮೀಸೆ ಇಲ್ಲ. ಎಷ್ಟು ಬೇರೆ ಎಂದರೆ, ಹಿಂದೆ ಸಸ್ಯಶಾಸ್ತ್ರಜ್ಞರು ಇವಕ್ಕೆ ಬೇರೆ ಬೇರೆ ಕುಲದ ಹೆಸರು ಕೊಟ್ಟಿದ್ದರು. ಶಾಂಬರ್ಕ್ ಎಂಬ ಅನ್ವೇಷಕರು ಈಗಿನ ಗಯಾನಾದಲ್ಲಿ ಅವನ್ನೆಲ್ಲ ಒಂದೇ ಗಿಡದಲ್ಲಿ ಕಂಡರು. ಇದು ಗಂಡು-ಹೆಣ್ಣು ಹೂಗಳ ವ್ಯತ್ಯಾಸ ಎಂದು 1862ರಲ್ಲಿ ಡಾರ್ವಿನ್ ಬಿಡಿಸಿ ಹೇಳಿದರು. ಬಲವಾದ ಗಿಡಕ್ಕೆ ಜೋರು ಬೆಳಕು ಸಿಕ್ಕಿದರೆ ಹೆಣ್ಣು ಹೂ ಬರುವ ಸಂಭವ ಜಾಸ್ತಿ. ಚಂದವಿಲ್ಲ ಎಂದು ಕೆಲವರು ಅದನ್ನು ಕತ್ತರಿಸುತ್ತಾರೆ. ನನಗೆ ಅದು ಬಂದರೆ ಬಹಳ ಖುಷಿ. ಮಳೆಗಾಲದಲ್ಲಿ ಗೂಡಿನ ಅಂಚಿಗೆ ತೂಗಿದ ಗಿಡಗಳಲ್ಲೇ ಅದನ್ನು ಕಂಡಿದ್ದೇನೆ.

ನವೆಂಬರ್‌ನಲ್ಲಿ ಅಡಿಕೆ ಕೊಯ್ಲು ಶುರುವಾದರೆ ಗೂಡು ಬಿಡಬೇಕು. ಗಿಡಗಳು ಮಾಡಿನ ಅಡಿಗೆ ಬರುತ್ತವೆ. ಗಿಡಕ್ಕೂ ಅದೇ ಸರಿಯಾದ ಸಮಯ. ಎಲೆ ಹಳದಿಯಾಗುತ್ತಿದ್ದಂತೆ ಗೊಬ್ಬರ ನಿಲ್ಲಿಸಿ ನೀರು ಕಡಿಮೆ ಮಾಡುತ್ತಾ ಬರುತ್ತೇನೆ. ಒಣ ಹವೆಗೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಬರುತ್ತದೆ. ಅಡಿಭಾಗಕ್ಕೆ ನೀರು ರಾಚಿ, ಬೇವಿನ ಎಣ್ಣೆ ಸಿಂಪಡಿಸುತ್ತೇನೆ. ಜನವರಿ ನಡುವಿಗೆ ಒಂದೆರಡು ಎಲೆ ಉಳಿದಿದ್ದರೂ ನೀರು ಬಂದ್. ಕ್ಲೋವೀಸಿಯಾ, ಮಾರ್ಮೋಡೆಸ್ ಮಾತ್ರ ಎಲೆ ಇಲ್ಲದ ಬಲ್ಬಿನಲ್ಲೇ ಆ ಚಳಿಯ ದಿನಗಳಲ್ಲಿ ಹೂ ಬಿಡುತ್ತವೆ.

ಬಲ್ಬ್ ಹಂಚಿಕೊಳ್ಳುವುದೂ ಆಗಲೇ. ಬೆಂಕಿಗೆ ಹಿಡಿದ ಕತ್ತಿಯಿಂದ ಎರಡೆರಡು ಬಲ್ಬ್ ಜೊತೆಗಿರುವಂತೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಒಂದೆರಡು ದಿನ ಒಣಗಲು ಬಿಡುತ್ತೇನೆ. ಎಲೆಯೂ ಬೇರೂ ಇಲ್ಲದ್ದರಿಂದ ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಪೆರ್ಲದ ಗೆಳತಿಯೊಬ್ಬಳಿಗೆ ಹಾಗೆ ಕೊಟ್ಟಿದ್ದೆ. ಅವಳ ಮನೆಯಲ್ಲಿ ಅಡಿಕೆ ಗೂಡಿಲ್ಲ. ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಪಾರದರ್ಶಕ ಶೀಟಿನ ಕೆಳಗೆ, ಪೂರ್ವದ ಬದಿಗೆ ತೂಗಿಸಿದ್ದಾಳೆ. ಅಲ್ಲಿಯೂ ಬಲ್ಬ್ ನನ್ನದರಷ್ಟೇ ದಪ್ಪ ಬಂದಿದೆ.