ಒಂದು ಸಲಕ್ಕೆ ಎರಡೇ ನಾಯಿ, ಕೈಯಲ್ಲೊಂದು ಫೈಲು

ಒಂದು ಸಲಕ್ಕೆ ಎರಡೇ ನಾಯಿ. ಮೂರನೆಯದು ಬೇಡ. ಬೇರೆಯವರ ನಾಯಿಗಳನ್ನು ದುಡ್ಡಿಗೆ ವಾಕ್ ಮಾಡಿಸೋದು ನನ್ನ ಕಸುಬು. ನಾನು ಹೀಗೆ ಶುರು ಮಾಡಿದಾಗ ಇದೇ ಕಸುಬಿನವರೆಲ್ಲ ನಕ್ಕರು. "ಆರು ನಾಯಿ ಹಿಡಿಯೋ ಕೈಲಿ ಎರಡು ಹಿಡೀತೀಯಾ? ಪೆಟ್ರೋಲ್ ದುಡ್ಡೂ ಹುಟ್ಟಲ್ಲ ಮಾರಾಯ" ಅಂದರು. ಇವತ್ತು ಬೆಂಗಳೂರು ದಕ್ಷಿಣದ ನಾಲ್ಕೈದು ಪಾರ್ಕುಗಳಲ್ಲಿ ನನ್ನನ್ನು ಗೇಟಿನಲ್ಲಿ ತಡೆಯುವವರಿಲ್ಲ. ಅಂದು ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಕೆಲಸ ಮಾಡುತ್ತಿದ್ದಾರೆ.

ನಾಯಿ ಸಾಕಿದವರಿಗೆ ಲೈಸೆನ್ಸ್ ಇದೆ. ದುಡ್ಡು ತಗೊಂಡು ನಾಯಿ ವಾಕ್ ಮಾಡಿಸುವವರಿಗೆ ಅಂತ ನಮ್ಮೂರಲ್ಲಿ ಪ್ರತ್ಯೇಕವಾಗಿ ಏನೂ ಇಲ್ಲ. ಒಳ್ಳೇದೇ ಆಯ್ತು, ಕಾಟ ತಪ್ಪಿತು ಅಂತ ನಮ್ಮವರು ಖುಷಿಯಾಗಿದ್ದಾರೆ. ನನ್ನ ಪ್ರಕಾರ ನಮ್ಮ ಹೊಟ್ಟೆಗೆ ಹೊಡೆದದ್ದೇ ಅದು. ನಿಯಮ ಇಲ್ಲದ ಕಡೆ ಗೇಟಲ್ಲಿ ನಿಂತವನು ಹೇಳಿದ್ದೇ ನಿಯಮ. ಬೆಳಿಗ್ಗೆ ಬಿಟ್ಟವನು ಸಂಜೆ ಬಿಡಲ್ಲ.

ಮೊದಲು, ನಾನೂ ಆರಾರು ನಾಯಿ ಹಿಡಿದು ಓಡಾಡುತ್ತಿದ್ದಾಗ, ಕಾನೂನು ಹಿಡಿದು ಹೋದೆ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆಸಿದೆ. ಸಾಕು ನಾಯಿಗಳಿಗೆ ಪಾರ್ಕ್ ಪೂರ್ತಿ ಬಂದ್ ಮಾಡುವುದು ಸರಿಯಲ್ಲ, ಬೇಕಾದರೆ ಸಮಯ ಗೊತ್ತು ಮಾಡಿಕೊಳ್ಳಿ ಅಂತ ಅದರಲ್ಲಿದೆ. ಪಾರ್ಕಿನ ಸಂಘದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಮಡಚಿ ವಾಪಸ್ ಕೊಟ್ಟು, "ಇದು ನಾಯಿ ಸಾಕಿದವರಿಗೆ ಕಣಪ್ಪ. ಈ ಆರರಲ್ಲಿ ನಿಂದು ಯಾವುದು? ನೀನು ಮಾಡ್ತಿರೋದು ವ್ಯಾಪಾರ" ಅಂದರು. ಏನು ಹೇಳ್ತೀರಾ?

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೆಕ್ಯುರಿಟಿಯವನಿಗೆ ತಿಂಗಳಿಗೆ ಐನೂರು. ಏಜೆನ್ಸಿಯವರು ಆಳು ಬದಲಾಯಿಸಿದಾಗಲೆಲ್ಲ ಮತ್ತೆ ಮೊದಲಿಂದ. ಆ ಲೆಕ್ಕದಲ್ಲೇ ಹತ್ತು ಹನ್ನೆರಡು ಸಾವಿರ ಹೋಗಿರಬೇಕು. ಅದೂ ಬೇಡ ಅಂತ ಹಳೇ ಓಮ್ನಿಯಲ್ಲಿ ನಾಯಿಗಳನ್ನು ತುಂಬಿಕೊಂಡು ಕಬ್ಬನ್ ಪಾರ್ಕಿಗೆ ಹೋಗುತ್ತಿದ್ದೆ. ಲಾಲ್‌ಬಾಗ್ ಹತ್ತಿರ, ಆದರೆ ಅಲ್ಲಿ ನಾಯಿ ಬಿಡಲ್ಲ. ಟ್ರಾಫಿಕ್ಕಲ್ಲಿ ಒಂದು ವಾಂತಿ ಮಾಡಿದರೆ ಉಳಿದವೂ ಶುರು. ಅಷ್ಟರಲ್ಲಿ 2022ರಲ್ಲಿ ಜುಲೈ 1ರಿಂದ ಕಬ್ಬನ್ ಪಾರ್ಕಿಗೂ ನಾಯಿ ಬಿಡಲ್ಲ ಅಂತ ತೋಟಗಾರಿಕೆ ಇಲಾಖೆ ಹೇಳಿತು. ನಾಯಿ ಸಾಕಿದವರು ಗಲಾಟೆ ಮಾಡಿದ ಮೇಲೆ ಅದನ್ನು ಮುಂದಕ್ಕೆ ಹಾಕಿದರು. ಆದರೆ ನನ್ನ ಅರ್ಧ ಗಿರಾಕಿಗಳು ಆ ಗಾಬರಿಯಲ್ಲೇ ಬಿಟ್ಟು ಹೋದರು. ಓಮ್ನಿ ಮಾರಿದೆ.

ದಾರಿ ಸಿಕ್ಕಿದ್ದು ಒಬ್ಬ ಗಿರಾಕಿಯಿಂದ. ಅವರ ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾರೆ. ಅಲ್ಲಿ 2013ರಿಂದ, ದುಡ್ಡಿಗಾಗಿ ನಾಲ್ಕು ಅಥವಾ ಜಾಸ್ತಿ ನಾಯಿ ಒಟ್ಟಿಗೆ ವಾಕ್ ಮಾಡಿಸಬೇಕಾದರೆ ನಗರದ ಪರ್ಮಿಟ್ ಬೇಕು. ಎಷ್ಟೇ ಆದರೂ ಎಂಟಕ್ಕಿಂತ ಜಾಸ್ತಿ ಇಲ್ಲ. ತರಬೇತಿ ಆಗಿರಬೇಕು, ಇನ್ಶೂರೆನ್ಸ್ ಇರಬೇಕು. ಎಂಟು ನಾಯಿ ಇಲ್ಲಿ ಆಗದ ಮಾತು, ನಮ್ಮಲ್ಲಿ ಪ್ರತಿ ಮೂಲೆಗೂ ಒಂದು ಬೀದಿ ನಾಯಿ ಗ್ಯಾಂಗ್ ಇದೆ. ಆದರೆ ನನಗೆ ಹೊಳೆದದ್ದು ಬೇರೆ. ನಗರ ನಿಯಮ ಮಾಡಲ್ಲ ಅಂದರೆ ನಾನೇ ಯಾಕೆ ಮಾಡಿಕೊಳ್ಳಬಾರದು?

ಒಂದು ಹಾಳೆ, ಕನ್ನಡದಲ್ಲಿ. ಒಬ್ಬರಿಗೆ ಎರಡೇ ನಾಯಿ. ನಾಲ್ಕಡಿ ಲೀಷ್ (ನಾಯಿ ಹಿಡಿಯುವ ಪಟ್ಟಿ), ಉದ್ದಕ್ಕೆ ಬಿಡುವ ರಿಟ್ರಾಕ್ಟಬಲ್ ಬೇಡವೇ ಬೇಡ. ಮಕ್ಕಳು ಆಡುವ ಜಾಗದ ಕಡೆ ಹೋಗಲ್ಲ. ಪ್ರತಿ ನಾಯಿಯ ರೇಬೀಸ್ ಸರ್ಟಿಫಿಕೇಟು, ಲೈಸೆನ್ಸಿನ ಕಾಪಿ, ಮಾಲೀಕರ ಫೋನ್ ನಂಬರು, ಎಲ್ಲ ಫೈಲಲ್ಲಿ. ಕೊನೆಯ ಸಾಲು: ಇದರಲ್ಲಿ ಒಂದು ತಪ್ಪಿದರೂ ನನ್ನನ್ನು ಹೊರಗೆ ಹಾಕಿ. ಇದನ್ನು ಹಿಡಿದು ಸಂಘದ ಮೀಟಿಂಗಿಗೇ ಹೋದೆ. ಇರಲಾರದೆ ಇರುವೆ ಬಿಟ್ಕೊಂಡ ಅಂತ ನಮ್ಮವರು ಆಡಿಕೊಂಡರು. ಅದೇ ಹಿರಿಯರು ಎರಡು ಸಲ ಓದಿ, ಸಮಯ ಏನು ಅಂತ ಕೇಳಿದರು. ಸಮಯದ ಮಾತು ಬಂತು ಅಂದರೆ ಗೇಟು ಅರ್ಧ ತೆರೆದಂತೆ.

ಬೆಳಗಿನ ವಾಕಿಂಗ್ ಹೊತ್ತು ನಾನು ಕೇಳಲೇ ಇಲ್ಲ. 2024ರಲ್ಲಿ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ ಆಯ್ತಲ್ಲ, ಅದು ನನಗೆ ಲಾಟರಿ. ಬೆಳಿಗ್ಗೆ ಹತ್ತರ ನಂತರ ಲಾಫಿಂಗ್ ಕ್ಲಬ್ಬಿನವರೂ ಇರಲ್ಲ. ರಾತ್ರಿ ಎಂಟರ ಮೇಲೆ ಎಲ್ಲರೂ ಊಟಕ್ಕೆ ಹೋಗಿರುತ್ತಾರೆ. ಆ ಎರಡು ಹೊತ್ತೇ ಕೇಳಿದೆ. ಬೇಸಿಗೆಯಲ್ಲಿ ಹಗಲಿನ ಬ್ಯಾಚ್ ಬಂದ್, ಕಲ್ಲುಹಾಸು ಕಾದಿರುತ್ತದೆ. ನಾಯಿ ಶೂ ಕೂಡ ತರಿಸಿ ನೋಡಿದೆ, ಜೊತೆ ಸಾವಿರದ ಇನ್ನೂರೋ ಏನೋ. ಬೀಗಲ್ ಒಂದು ಶೂ ತಿಂದು ಹಾಕಿತು, ಲ್ಯಾಬ್ ಹೆಜ್ಜೆಯನ್ನೇ ಎತ್ತಲಿಲ್ಲ.

ಎರಡೇ ಯಾಕೆ ಅಂದರೆ, ಕಕ್ಕ ಎತ್ತುವಾಗ ನೋಡಿ. ಒಂದು ಕೂತಿತು ಅಂದುಕೊಳ್ಳಿ. ಎರಡೂ ಲೀಷಿನ ಕುಣಿಕೆ ಎಡಗೈ ಮೊಣಕೈವರೆಗೆ ಏರಿಸಬೇಕು. ಕೂರದೇ ಇರುವ ನಾಯಿಯ ಲೀಷನ್ನು ಎಡಗಾಲಲ್ಲಿ ಮೆಟ್ಟಬೇಕು. ಚೀಲ ಬಲಗೈಗೆ ಗ್ಲೌಸಿನಂತೆ ತಿರುಗಿಸಿ ಹಾಕಿ, ಬಗ್ಗಿ, ಎತ್ತಿ, ಹಲ್ಲು ತಾಗಿಸದೆ ಗಂಟು ಹಾಕಬೇಕು. ಇಷ್ಟೂ ಹೊತ್ತು ಕಣ್ಣು ಪೊದೆ ಕಡೆ, ಬೀದಿ ನಾಯಿ ಬರೋದು ಅಲ್ಲಿಂದಲೇ. ಮೂರನೇ ನಾಯಿ ಇದ್ದರೆ ಅದನ್ನು ಯಾವ ಕಾಲಲ್ಲಿ ಮೆಟ್ಟುತ್ತೀರಿ?

ಮೊದಲ ತಿಂಗಳು ಪಾರ್ಕಲ್ಲಿದ್ದ ಕಕ್ಕವನ್ನೆಲ್ಲ ಎತ್ತಿದೆ, ಬೀದಿ ನಾಯಿಯದ್ದೂ ಸೇರಿ. ಮಾಲಿ ನನ್ನ ಕಡೆಯವನಾದ. ಸಂಘದವರಿಗಿಂತ ಅವನ ಮಾತಿಗೆ ಬೆಲೆ ಜಾಸ್ತಿ, ನೆನಪಿಡಿ. ಅದನ್ನೆಲ್ಲ ಗೊಬ್ಬರ ಮಾಡೋಣ ಅಂತ ಮಹಡಿ ಮೇಲೆ ಡ್ರಮ್ಮಲ್ಲಿ ಕೋಕೋಪೀಟ್ ಹಾಕಿ ನೋಡಿದ್ದೂ ಉಂಟು. ಮಳೆಗಾಲದಲ್ಲಿ ಹುಳ, ವಾಸನೆ. ಓನರ್ ಆಂಟಿ ಡ್ರಮ್ ಇರಬೇಕೋ ನೀನಿರಬೇಕೋ ಅಂದರು.

ಬೀದಿ ನಾಯಿಗಳನ್ನು ಹೇಗೆ ಸುಧಾರಿಸುತ್ತೇನೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ. ಬಿಸ್ಕತ್ತಲ್ಲ ಅಂತ ಮಾತ್ರ ಹೇಳಬಲ್ಲೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಬೀದಿ ನಾಯಿಗೆ ಗೊತ್ತು ಮಾಡಿದ ಜಾಗದಲ್ಲಿ ಮಾತ್ರ ಊಟ ಹಾಕಿ ಅಂದ ಮೇಲೆ ಬಿಸ್ಕತ್ತು ನಂಬಿದವರ ಪಾಡು ನೋಡಿದ್ದೀರಲ್ಲ.

ರಾಟ್‌ವೈಲರ್ ವಿಷಯ ಕೇಳುತ್ತಿರುತ್ತಾರೆ. 2024ರ ಮಾರ್ಚಿನಲ್ಲಿ ಕೇಂದ್ರದವರು ರಾಟ್‌ವೈಲರ್ ಸೇರಿ 23 ತಳಿಗಳನ್ನು ಸಾಕಬಾರದು ಅಂತ ಸುತ್ತೋಲೆ ತಂದರು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಡುವೆ ಯಾರೂ ಅವನ್ನು ಮುಟ್ಟುತ್ತಿರಲಿಲ್ಲ. ನಾನು ಒಂದೊಂದನ್ನೇ, ರಾತ್ರಿ, ಡಬಲ್ ರೇಟಿಗೆ ಕರೆದುಕೊಂಡು ಹೋದೆ. ಆದರೆ ಮೊದಲು ಕಚ್ಚಿದ್ದುಂಟಾ ಅಂತ ಮಾಲೀಕರಿಂದ ಬರೆಸಿಕೊಂಡೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಾಣಿ ಯಾರ ವಶದಲ್ಲಿತ್ತು ಅಂತ ನೋಡುತ್ತದೆ. ಅಸಡ್ಡೆ ಅಂತಾದರೆ ಆರು ತಿಂಗಳವರೆಗೆ ಜೈಲು, ಇಲ್ಲಾ ಐದು ಸಾವಿರದವರೆಗೆ ದಂಡ, ಇಲ್ಲಾ ಎರಡೂ. ಲೀಷ್ ಇರೋದು ನಮ್ಮ ಕೈಯಲ್ಲಿ ಅಲ್ವಾ?

ದುಡ್ಡಿನ ಲೆಕ್ಕ. ಆರಾರು ನಾಯಿ ಎಳೆದಾಡುವಾಗ ನಾಯಿಗೆ ತಿಂಗಳಿಗೆ ಎರಡು ಸಾವಿರ ಕೊಡೋಕೂ ಚೌಕಾಸಿ. ಎಲ್ಲ ಸೇರಿ ಮೂವತ್ತೈದು ಸಾವಿರ ಬರುತ್ತಿತ್ತು, ಹತ್ತು ಓಮ್ನಿಗೇ ಹೋಗುತ್ತಿತ್ತು. ಈಗ ಅರ್ಧ ಗಂಟೆಗೆ ಎರಡು ನಾಯಿ, ತಲಾ ತಿಂಗಳಿಗೆ ನಾಲ್ಕೂವರೆ ಸಾವಿರ, ಭಾನುವಾರ ರಜೆ. ನನ್ನ ಕೈಲೇ ಹದಿನಾಲ್ಕು ಹದಿನೈದು ನಾಯಿ ಆಗುತ್ತವೆ, ಅರವತ್ತು ಸಾವಿರದ ಆಸುಪಾಸು. ಜೋಡಿ ಒಂದೇ ರಸ್ತೆಯದ್ದಾಗಿರಬೇಕು, ಇಲ್ಲದಿದ್ದರೆ ಓಡಾಟದಲ್ಲೇ ಟೈಮ್ ಹೋಗುತ್ತದೆ. ಯಾವ ನಾಯಿಗೆ ಯಾವ ನಾಯಿ ಜೋಡಿ ಅನ್ನುವ ಲೆಕ್ಕವೂ ಇದೆ, ಅದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ರೇಟು ಜಾಸ್ತಿ ಆಯ್ತು ಅಂದವರಿಗೆ ಫೈಲ್ ತೋರಿಸುತ್ತೇನೆ. ಫೈಲ್ ನೋಡಿ ಬಿಟ್ಟು ಹೋದವರು ಕಡಿಮೆ.

2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಇದ್ದಲ್ಲಿ ಐದಾಗಿವೆ. ಯಾವುದಾದರೂ ಒಂದು ನಮಗೆ ಲೈಸೆನ್ಸ್ ತಂದರೆ ಮೊದಲ ಅರ್ಜಿ ನನ್ನದೇ. ಅಲ್ಲಿಯವರೆಗೆ ಹಾಳೆ ಬೇಕಾದವರು ರಾತ್ರಿ ಒಂಬತ್ತರ ಮೇಲೆ ಪಾರ್ಕಿಗೆ ಬನ್ನಿ, ಕಾಪಿ ಕೊಡುತ್ತೇನೆ. ಜೆರಾಕ್ಸ್ ದುಡ್ಡು ನಿಮ್ಮದು.