ಸೋತ ತಂಡವನ್ನು ಮತ್ತೆ ಕಟ್ಟುವಾಗ ಮೊದಲು ಬರೆದುಕೊಳ್ಳುವುದು ಒಂದು ಇಸವಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಂದು ಋತುವಿಗೆ 17 ಪಂದ್ಯ. ಅದರಲ್ಲಿ ಮೂರೋ ನಾಲ್ಕೋ ಗೆದ್ದ ತಂಡವನ್ನು ಸರಿಪಡಿಸಲು ಕೂತಾಗ ಮಾಲೀಕರಿಂದ ಅಭಿಮಾನಿಗಳವರೆಗೆ ಎಲ್ಲರೂ ಕೇಳುವುದು ‘ಯಾರನ್ನು ತರುತ್ತೀರಿ?’ ಎಂದೇ. ಅದಕ್ಕೆ ಉತ್ತರ ಹುಡುಕುವ ಮೊದಲು ನಾನು ಹಾಳೆಯ ತಲೆಯ ಮೇಲೆ ಒಂದು ಇಸವಿ ಬರೆಯುತ್ತೇನೆ. ಈ ತಂಡ ನಿಜವಾಗಿ ಗೆಲ್ಲಬಲ್ಲ ಮೊದಲ ವರ್ಷ ಯಾವುದು? ಒಳ್ಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಆಗಲೇ ಇದ್ದರೆ ಮುಂದಿನ ವರ್ಷವೇ ಆಗಬಹುದು. ಇಲ್ಲದಿದ್ದರೆ ಮೂರನೆಯ ವರ್ಷ ಎಂದಿಟ್ಟುಕೊಳ್ಳುವುದು ಕ್ಷೇಮ. ಇಸವಿ ನಿಗದಿಯಾಗದೆ ಸಹಿ ಮಾಡಿದ ಒಪ್ಪಂದಗಳು ಒಂದಕ್ಕೊಂದು ಹೊಂದುವುದಿಲ್ಲ. 31 ವರ್ಷದ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಈ ವರ್ಷ ಚೆನ್ನಾಗಿ ಆಡುತ್ತಾನೆ, 21 ವರ್ಷದ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್) ಮೂರು ವರ್ಷ ಬಿಟ್ಟು ಚೆನ್ನಾಗಿ ಆಡುತ್ತಾನೆ. ಇಬ್ಬರಿಗೂ ಹಣ ಕೊಟ್ಟಿರುತ್ತೀರಿ, ಆದರೆ ಇಬ್ಬರೂ ಒಟ್ಟಿಗೆ ಚೆನ್ನಾಗಿ ಆಡುವ ದಿನ ಬರುವುದೇ ಇಲ್ಲ.

ಋತು ಮುಗಿದ ಕೂಡಲೇ ಜನವರಿಯಲ್ಲಿ ಲೆಕ್ಕದ ಹಾಳೆ ಸಿದ್ಧವಾಗಬೇಕು. 53 ಜನರ ಮುಖ್ಯ ಪಟ್ಟಿ, 16 ಜನರ ಪ್ರಾಕ್ಟೀಸ್ ಸ್ಕ್ವಾಡ್, ಗಾಯಾಳುಗಳ ಪಟ್ಟಿ, ಎಲ್ಲರೂ ಅದರಲ್ಲಿರಬೇಕು. ಪ್ರತಿ ಹೆಸರಿನ ಮುಂದೆ ಗುರಿ ವರ್ಷದ ಸೆಪ್ಟೆಂಬರ್‌ಗೆ ಆತನ ವಯಸ್ಸು, ಒಪ್ಪಂದ ಮುಗಿಯುವ ವರ್ಷ, ಇಟ್ಟುಕೊಂಡರೆ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ವಾರ್ಷಿಕ ಮಿತಿ) ಮೇಲೆ ಬೀಳುವ ಮೊತ್ತ, ಬಿಟ್ಟರೆ ಬೀಳುವ ಮೊತ್ತ, ಕಳೆದ ಎರಡು ಋತುಗಳಲ್ಲಿ ಆಡಿದ ಸ್ನ್ಯಾಪ್‌ಗಳು (ಒಂದೊಂದು ಆಟದ ಸರದಿ), ಸ್ಪೆಷಲ್ ಟೀಮ್ಸ್‌ನಲ್ಲಿ (ಕಿಕ್‌ಗಳ ವೇಳೆ ಆಡುವ ಗುಂಪು) ಆಡಬಲ್ಲನೇ ಎಂಬುದು. ಆಮೇಲೆ ಮೂರು ಗುರುತು: ಉಳಿಯುವವರು, ಮಾರುವವರು, ಬಿಡುವವರು. ಮೊದಲ ಗುಂಪಿನಲ್ಲಿ ಹತ್ತು ಹನ್ನೆರಡು ಹೆಸರು ಸಿಕ್ಕರೆ ನಾನು ಸಮಾಧಾನಪಡುತ್ತೇನೆ.

ಇಲ್ಲೇ ಮೊದಲ ತಪ್ಪು ನುಸುಳುತ್ತದೆ. ಸೋಲುವ ತಂಡದಲ್ಲಿ ಅಂಕಿಗಳು ಉಬ್ಬಿರುತ್ತವೆ. ಎದುರಾಳಿ ಚೆಂಡನ್ನು ಬಿಟ್ಟುಕೊಡದೆ ಓಡುತ್ತಲೇ ಇದ್ದರೆ ನಮ್ಮ ರಕ್ಷಣೆಯ ಲೈನ್‌ಬ್ಯಾಕರ್ ಮಾಡಿದ ಟ್ಯಾಕಲ್‌ಗಳ (ಚೆಂಡು ಹಿಡಿದವನನ್ನು ಕೆಡವುವುದು) ಸಂಖ್ಯೆ ತಾನಾಗಿಯೇ ಏರುತ್ತದೆ. ಪಂದ್ಯ ಕೈಬಿಟ್ಟ ಮೇಲೆ ನಾಲ್ಕನೇ ಕ್ವಾರ್ಟರ್‌ನಲ್ಲಿ ನಮ್ಮ ರಿಸೀವರ್‌ಗೆ ಸುಲಭದ ಗಜಗಳು ಸಿಗುತ್ತವೆ. ಹಾಗಾಗಿ ಪಂದ್ಯ ಇನ್ನೂ ಯಾರ ಕೈಯಲ್ಲಿದೆ ಎಂದು ತೀರ್ಮಾನವಾಗದ ಹೊತ್ತಿನ ಆಟವನ್ನು ಮಾತ್ರ ಬೇರ್ಪಡಿಸಿ ನೋಡಿ. ಹಾಗೆ ನೋಡಿದಾಗ ‘ನಮ್ಮ ಅತ್ಯುತ್ತಮ ಆಟಗಾರ’ ಎಷ್ಟೋ ಸಲ ಲೀಗಿನ ಸಾಧಾರಣ ಆಟಗಾರನಾಗಿ ಕಾಣುತ್ತಾನೆ. ಅಂಥವನಿಗೆ ದೊಡ್ಡ ಒಪ್ಪಂದ ಕೊಟ್ಟು ಉಳಿಸಿಕೊಳ್ಳುವುದೇ ಮುಂದಿನ ಕುಸಿತಕ್ಕೆ ದಾರಿ.

ಇನ್ನು ಹಣ. ಸ್ಯಾಲರಿ ಕ್ಯಾಪ್ 2023ರಲ್ಲಿ 22.48 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ. ಮಿತಿ ಏರುತ್ತಿದೆ ಎಂದು ಎಲ್ಲ ತಂಡಗಳಿಗೂ ಗೊತ್ತು, ಅದಕ್ಕೇ ಎಲ್ಲರೂ ಸಾಲವನ್ನು ಮುಂದಕ್ಕೆ ತಳ್ಳುತ್ತಾರೆ. ತಳ್ಳುವ ದಾರಿ ಸೈನಿಂಗ್ ಬೋನಸ್. ಹಣ ಆಟಗಾರನ ಕೈಗೆ ಆಗಲೇ ಹೋಗಿರುತ್ತದೆ, ಆದರೆ ಕ್ಯಾಪ್ ಲೆಕ್ಕದಲ್ಲಿ ಹೆಚ್ಚೆಂದರೆ ಐದು ವರ್ಷಕ್ಕೆ ಸಮನಾಗಿ ಹಂಚಿಕೊಳ್ಳಬಹುದು. ಒಂದು ಉದಾಹರಣೆ ಹಾಕಿ ನೋಡೋಣ. ಐದು ವರ್ಷದ ಒಪ್ಪಂದ, 2 ಕೋಟಿ ಡಾಲರ್ ಬೋನಸ್: ವರ್ಷಕ್ಕೆ 40 ಲಕ್ಷ. ಎರಡು ವರ್ಷ ಆಡಿಸಿ ಬಿಟ್ಟರೆ ಉಳಿದ 1.2 ಕೋಟಿ ಒಂದೇ ಸಲ ಮೂರನೇ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತದೆ. ಇದೇ ಡೆಡ್ ಮನಿ. ಮೂರನೇ ವರ್ಷದ ಸಂಬಳ 90 ಲಕ್ಷ, ಅದಕ್ಕೆ ಖಾತರಿ ಇಲ್ಲ ಎಂದಿಟ್ಟುಕೊಳ್ಳಿ. ಇಟ್ಟುಕೊಂಡರೆ ಲೆಕ್ಕ 1.3 ಕೋಟಿ, ಬಿಟ್ಟರೆ 1.2 ಕೋಟಿ. ಕ್ಯಾಪ್‌ನಲ್ಲಿ ಉಳಿಯುವುದು ಬರೀ 10 ಲಕ್ಷ ಎಂದು ನೋಡಿ ಹಲವರು ಕೈ ಹಿಂದಕ್ಕೆ ಎಳೆಯುತ್ತಾರೆ. ನಾನು ಬಿಡುತ್ತೇನೆ. 90 ಲಕ್ಷ ನಗದು ಉಳಿಯಿತು, ನಾಲ್ಕು ಮತ್ತು ಐದನೇ ವರ್ಷ ಪೂರ್ತಿ ಖಾಲಿಯಾಯಿತು, ಒಬ್ಬ ಹುಡುಗನಿಗೆ ಆಡಲು ಜಾಗವೂ ಆಯಿತು.

ಜೂನ್ 1ರ ನಿಯಮ ಎಂಬ ಆಸೆಯೊಂದಿದೆ. ವರ್ಷಕ್ಕೆ ಇಬ್ಬರನ್ನು ‘ಜೂನ್ 1ರ ನಂತರ ಬಿಟ್ಟವರು’ ಎಂದು ಮೊದಲೇ ಗುರುತು ಮಾಡಿ ಬಿಡಬಹುದು. ಮೇಲಿನ ಉದಾಹರಣೆಯಲ್ಲಿ ಆಗ ಈ ವರ್ಷಕ್ಕೆ 40 ಲಕ್ಷ, ಮುಂದಿನ ವರ್ಷಕ್ಕೆ 80 ಲಕ್ಷ ಹೋಗುತ್ತದೆ. ಈ ವರ್ಷವೇ ಗೆಲ್ಲಬೇಕಾದ ತಂಡಕ್ಕೆ ಇದು ಉಪಯೋಗ. ನಮ್ಮಂಥ ತಂಡಕ್ಕೆ ಬೇಡ. ಉಳಿಯುವ ಜಾಗ ಕೈಗೆ ಸಿಗುವುದೇ ಜೂನ್‌ನಲ್ಲಿ, ಅಷ್ಟು ಹೊತ್ತಿಗೆ ಮಾರ್ಚ್‌ನ ಒಳ್ಳೆಯ ಫ್ರೀ ಏಜೆಂಟ್‌ಗಳೆಲ್ಲ (ಒಪ್ಪಂದ ಮುಗಿದು ಯಾವ ತಂಡಕ್ಕೂ ಹೋಗಬಲ್ಲವರು) ಹೋಗಿರುತ್ತಾರೆ. ಜೊತೆಗೆ ನೋವು ಗುರಿ ವರ್ಷದ ಹತ್ತಿರಕ್ಕೆ ಸರಿಯುತ್ತದೆ. ಹೇಗೂ ಸೋಲುವ ವರ್ಷದಲ್ಲೇ ಡೆಡ್ ಮನಿ ಎಲ್ಲ ನುಂಗಿಬಿಡಬೇಕು. ಮೊತ್ತ ಒಂದು ವರ್ಷಕ್ಕೆ ಹಿಡಿಸದಿದ್ದರೆ ಮಾತ್ರ ಹಂಚಿಕೆ. ಡೆನ್ವರ್ 2024ರಲ್ಲಿ ರಸೆಲ್ ವಿಲ್ಸನ್ ಅವರನ್ನು ಬಿಟ್ಟಾಗ ಸುಮಾರು 8.5 ಕೋಟಿ ಡಾಲರ್ ಡೆಡ್ ಮನಿ ಬಿತ್ತು. 2024ಕ್ಕೆ ಸುಮಾರು 5.3 ಕೋಟಿ, 2025ಕ್ಕೆ ಸುಮಾರು 3.2 ಕೋಟಿ ಎಂದು ಹಂಚದೆ ಅವರಿಗೆ ವಿಧಿಯಿರಲಿಲ್ಲ. ಅಷ್ಟು ಹೊರೆ ಹೊತ್ತೂ 2024ರಲ್ಲಿ 10 ಪಂದ್ಯ ಗೆದ್ದು ಪ್ಲೇಆಫ್ ತಲುಪಿದರು, ಏಕೆಂದರೆ ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ವಾರ್ಷಿಕ ಆಯ್ಕೆ) 12ನೇ ಪಿಕ್‌ನಲ್ಲಿ (ಆರಿಸುವ ಸರದಿ) ತೆಗೆದುಕೊಂಡ ಬೋ ನಿಕ್ಸ್ ಹೊಸಬರ ಅಗ್ಗದ ಒಪ್ಪಂದದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದರು.

ಖಾಲಿ ಕ್ಯಾಪ್ ಇರುವ ಸೋತ ತಂಡ ಅದನ್ನು ಆಟಗಾರರ ಮೇಲೆಯೇ ಸುರಿಯಬೇಕೆಂದಿಲ್ಲ. ಬಳಸದ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಅದಕ್ಕಿಂತ ಒಳ್ಳೆಯದು, ಅದರಿಂದ ಪಿಕ್ ಕೊಳ್ಳಬಹುದು. 2017ರ ಮಾರ್ಚ್‌ನಲ್ಲಿ ಕ್ಲೀವ್‌ಲ್ಯಾಂಡ್ ಹೂಸ್ಟನ್‌ನಿಂದ ಬ್ರಾಕ್ ಆಸ್ವೈಲರ್ ಅವರನ್ನು 1.6 ಕೋಟಿ ಡಾಲರ್ ಖಾತರಿ ಸಂಬಳದ ಸಮೇತ ತನ್ನ ಮೇಲೆ ಹಾಕಿಕೊಂಡಿತು. ಆ ಹೊರೆ ಹೊತ್ತಿದ್ದಕ್ಕೆ ಪ್ರತಿಯಾಗಿ 2018ರ ಎರಡನೇ ಸುತ್ತಿನ ಪಿಕ್ ಬಂತು. ಅದೇ ಪಿಕ್‌ನಲ್ಲಿ ಬಂದವರು ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರು) ನಿಕ್ ಚಬ್. ಮಾರುವಾಗಲೂ ಇದೇ ಲೆಕ್ಕ. 2021ರ ನವೆಂಬರ್‌ನಲ್ಲಿ ಡೆನ್ವರ್ ವಾನ್ ಮಿಲ್ಲರ್ ಅವರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟಾಗ ಆ ಋತುವಿನಲ್ಲಿ ಬಾಕಿ ಇದ್ದ ಸಂಬಳದಲ್ಲಿ ಸುಮಾರು 90 ಲಕ್ಷ ಡಾಲರ್ ತಾನೇ ಕಟ್ಟಿತು. ಹಾಗೆ ಮಾಡಿದ್ದಕ್ಕೆ ಎರಡನೇ ಮತ್ತು ಮೂರನೇ ಸುತ್ತಿನ ಪಿಕ್‌ಗಳು ಸಿಕ್ಕವು. ಮಾಲೀಕರಿಗೆ ಇದನ್ನು ಒಪ್ಪಿಸುವುದು ಕಷ್ಟ, ಬೇರೆ ತಂಡಕ್ಕೆ ಆಡುವವನ ಸಂಬಳ ನಾವೇಕೆ ಕೊಡಬೇಕು ಎಂದು ಕೇಳುತ್ತಾರೆ. ಆ ಹಣ ಪಿಕ್‌ನ ಬೆಲೆ ಎಂದೇ ಕಾಗದದ ಮೇಲೆ ಬರೆದು ತೋರಿಸಬೇಕು. ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಗಡುವು ಈಗ ಒಂಬತ್ತನೇ ವಾರದ ನಂತರದ ಮಂಗಳವಾರ. ಒಪ್ಪಂದ ಮುಗಿಯುತ್ತಿರುವ, ಗುರಿ ವರ್ಷಕ್ಕೆ 30 ದಾಟುವ ಆಟಗಾರನನ್ನು ಅದರೊಳಗೆ ಮಾರದಿದ್ದರೆ ಸಿಗಬೇಕಾದ ಬೆಲೆಯ ದೊಡ್ಡ ಪಾಲು ಹೋಯಿತು ಎಂದೇ ಲೆಕ್ಕ.

ಡ್ರಾಫ್ಟ್ ಏಳು ಸುತ್ತು. ಕಡಿಮೆ ಗೆದ್ದವರಿಗೆ ಮೊದಲ ಸರದಿ, ಗೆಲುವು ಸಮವಾದರೆ ಸುಲಭದ ವೇಳಾಪಟ್ಟಿ ಆಡಿದ ತಂಡ ಮುಂದೆ. 1990ರ ದಶಕದಲ್ಲಿ ಡಲ್ಲಾಸ್‌ನ ಜಿಮ್ಮಿ ಜಾನ್ಸನ್ ಬಳಕೆಗೆ ತಂದ ಅಂಕಪಟ್ಟಿಯಲ್ಲಿ ಮೊದಲ ಪಿಕ್‌ಗೆ 3000 ಅಂಕ, 16ನೆಯದಕ್ಕೆ 1000, 32ನೆಯದಕ್ಕೆ 590. ಫೋನಿನಲ್ಲಿ ವ್ಯಾಪಾರ ಮಾಡಲು ಆ ಭಾಷೆ ಗೊತ್ತಿರಲೇಬೇಕು, ಆದರೆ ಆ ಪಟ್ಟಿ ಮೇಲಿನ ಪಿಕ್‌ಗಳಿಗೆ ವಿಪರೀತ ಬೆಲೆ ಕಟ್ಟುತ್ತದೆ. ಆಟಗಾರರು ಮುಂದೆ ಹೇಗೆ ಆಡಿದರು ಎಂಬುದರ ಮೇಲೆ ಕಟ್ಟಿದ ಹೊಸ ಪಟ್ಟಿಗಳಲ್ಲಿ ಈ ಇಳಿಜಾರು ಇಷ್ಟು ಕಡಿದಾಗಿಲ್ಲ. ಎರಡು ಪಟ್ಟಿಗಳ ನಡುವಿನ ಆ ವ್ಯತ್ಯಾಸವೇ ಸೋತ ತಂಡದ ಬಂಡವಾಳ: ಹಳೆಯ ಪಟ್ಟಿಯ ದರದಲ್ಲಿ ಮಾರಿ ಹಿಂದಕ್ಕೆ ಸರಿಯಿರಿ, ಹೊಸ ಪಟ್ಟಿಯ ದರದಲ್ಲಿ ಕೊಳ್ಳಿ. ಮುಂದಿನ ವರ್ಷದ ಪಿಕ್ ಒಂದು ಸುತ್ತು ಕೆಳಗಿನದಕ್ಕೆ ಸಮ ಎಂಬುದು ರೂಢಿ. ಅಂದರೆ ಈ ವರ್ಷದ ಮೂರನೇ ಸುತ್ತಿನದು ಕೊಟ್ಟರೆ ಮುಂದಿನ ವರ್ಷದ ಎರಡನೇ ಸುತ್ತಿನದು ಸಿಗುತ್ತದೆ. ಕಾಯಬಲ್ಲವರಿಗೆ ಇಷ್ಟು ಒಳ್ಳೆಯ ಬಡ್ಡಿ ಬೇರೆಲ್ಲೂ ಇಲ್ಲ. ಕಾಯುವ ಧೈರ್ಯ ಇರುವುದು ಮಾತ್ರ ಕೆಲಸ ಉಳಿಯುತ್ತದೆ ಎಂಬ ನಂಬಿಕೆ ಇರುವ ಜನರಲ್ ಮ್ಯಾನೇಜರ್‌ಗೆ. ಆದ್ದರಿಂದ ಅವರ ಮತ್ತು ಮುಖ್ಯ ಕೋಚ್‌ನ ಒಪ್ಪಂದಗಳೆರಡೂ ಒಂದೇ ಇಸವಿಯಲ್ಲಿ, ಅದೂ ಗುರಿ ವರ್ಷ ದಾಟಿ ಮುಗಿಯುವಂತೆ ಇರಬೇಕು. ಕೋಚ್ ನಡುವೆ ಬದಲಾಗಿ ಡಿಫೆನ್ಸ್ 4-3ರಿಂದ 3-4ಕ್ಕೆ (ಮುಂದಿನ ಸಾಲಿನಲ್ಲಿ ನಾಲ್ವರ ಬದಲು ಮೂವರು) ಹೋದರೆ ಎರಡು ಡ್ರಾಫ್ಟ್‌ಗಳಲ್ಲಿ ತಂದ ಎಡ್ಜ್ (ಆ ಸಾಲಿನ ಅಂಚಿನ) ಆಟಗಾರರಲ್ಲಿ ಅರ್ಧದಷ್ಟು ಜನ ಸ್ಥಾನವಿಲ್ಲದವರಾಗುತ್ತಾರೆ.

ಮೇಲಕ್ಕೆ ಜಿಗಿಯಲು ಒಂದೇ ಒಪ್ಪುವ ಕಾರಣ ಕ್ವಾರ್ಟರ್‌ಬ್ಯಾಕ್. ಅದರ ಹಿಂದಿನ ಗಣಿತ ಹೀಗಿದೆ. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ 5 ಕೋಟಿ ಡಾಲರ್ ಖಾತರಿ ಇತ್ತು. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂದ ಮೇಲೆ ಮೊದಲ ಪಿಕ್ ಕ್ಯಾಮ್ ನ್ಯೂಟನ್ ಅವರ ನಾಲ್ಕು ವರ್ಷದ ಒಪ್ಪಂದ 2.2 ಕೋಟಿ. ಆ ನಾಲ್ಕು ವರ್ಷ, ಮೊದಲ ಸುತ್ತಿನವರಿಗಾದರೆ ಐದನೇ ವರ್ಷದ ಆಯ್ಕೆ ಸೇರಿ ಐದು, ಉಳಿದ ಕ್ಯಾಪ್ ನಮ್ಮದು. ಆದರೆ ಆ ಹುಡುಗನ ಮುಂದೆ ನಿಲ್ಲುವ ಐವರು ಸಿದ್ಧರಾಗಿರಬೇಕು. ಕೆರೊಲೈನಾ 2023ರಲ್ಲಿ ಮೊದಲ ಪಿಕ್‌ಗಾಗಿ ಶಿಕಾಗೊಗೆ 9 ಮತ್ತು 61ನೇ ಪಿಕ್, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಮೇಲೆ ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನು ಕೊಟ್ಟಿತು. ಚೆಂಡು ಎಸೆಯಬೇಕಾದವನನ್ನು ತಂದು, ಹಿಡಿಯುವವನನ್ನು ಕಳಿಸಿದಂತಾಯಿತು. ಆ ಋತುವಿನಲ್ಲಿ ಹಾಗೆ ತಂದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ 62 ಬಾರಿ ಸ್ಯಾಕ್ ಆದರು (ಚೆಂಡು ಎಸೆಯುವ ಮೊದಲೇ ನೆಲಕ್ಕೆ ಬಿದ್ದರು), ತಂಡ 2 ಗೆದ್ದು 15 ಸೋತಿತು. ಕೊಟ್ಟಿದ್ದ 2024ರ ಪಿಕ್ ಮತ್ತೆ ಮೊದಲನೆಯದೇ ಆಗಿ ಶಿಕಾಗೊ ಪಾಲಾಯಿತು. 2002ರಲ್ಲಿ ಹೂಸ್ಟನ್‌ನ ಡೇವಿಡ್ ಕಾರ್ 76 ಸ್ಯಾಕ್ ಕಂಡದ್ದೂ ಹೊಸದಾಗಿ ಕಟ್ಟಿದ ತಂಡದಲ್ಲೇ. ಅಷ್ಟು ಪೆಟ್ಟು ತಿಂದವನು ಮುಂದೆ ಕಾವಲು ಚೆನ್ನಾಗಿದ್ದಾಗಲೂ ಕಣ್ಣನ್ನು ರಿಸೀವರ್ ಮೇಲಿಡದೆ ನುಗ್ಗಿ ಬರುವವನ ಮೇಲಿಡಲು ಕಲಿತುಬಿಡುತ್ತಾನೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಹಾಗಾಗಿ ನನ್ನ ಕ್ರಮ ಮೊದಲು ಆಫೆನ್ಸಿವ್ ಲೈನ್ (ಕಾವಲಿನ ಆ ಐವರು), ಆಮೇಲೆ ಕ್ವಾರ್ಟರ್‌ಬ್ಯಾಕ್. ಲೈನ್‌ಮನ್‌ಗಳು 30 ದಾಟಿದ ಮೇಲೂ ಚೆನ್ನಾಗಿ ಆಡಬಲ್ಲರು, ಇಸವಿ ಒಂದೆರಡು ವರ್ಷ ಆಚೀಚೆಯಾದರೂ ಅವರ ಮೇಲೆ ಹಾಕಿದ್ದು ಹಾಳಾಗುವುದಿಲ್ಲ. ರನ್ನಿಂಗ್ ಬ್ಯಾಕ್‌ಗಳನ್ನು ಕೊನೆಗೆ ತರಬೇಕು, ಅವರ ಕಾಲುಗಳ ಆಯುಸ್ಸು ಕಡಿಮೆ. ಡೆಟ್ರಾಯ್ಟ್ ನಡೆದದ್ದು ಹೆಚ್ಚುಕಡಿಮೆ ಹೀಗೇ. 2021ರಲ್ಲಿ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ಕೊಟ್ಟು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್, ಮೊದಲ ಸುತ್ತಿನ ಎರಡು ಪಿಕ್, ಮೂರನೇ ಸುತ್ತಿನ ಒಂದು ಪಿಕ್ ಪಡೆದರು. ಅದೇ ವರ್ಷ 7ನೇ ಪಿಕ್‌ನಲ್ಲಿ ಟ್ಯಾಕಲ್ ಪೆನೇ ಸ್ಯೂಯಲ್ ಬಂದರು, ನಾಲ್ಕನೇ ಸುತ್ತಿನಲ್ಲಿ ರಿಸೀವರ್ ಅಮಾನ್-ರಾ ಸೇಂಟ್ ಬ್ರೌನ್. ಮೊದಲ ಋತು 3 ಗೆಲುವು, ಮುಂದಿನದು 9, ಆಮೇಲೆ 12, 2024ರಲ್ಲಿ 15.

ಫ್ರೀ ಏಜೆನ್ಸಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಾರ್ಚ್‌ನ ಮೊದಲ ಎರಡು ದಿನ ದೂರವಿರಿ. ನಾವು ಕಳೆದುಕೊಂಡ ಫ್ರೀ ಏಜೆಂಟ್‌ಗಳು ಕೊಂಡವರಿಗಿಂತ ಹೆಚ್ಚಿದ್ದರೆ ಮುಂದಿನ ವರ್ಷ 3ರಿಂದ 7ನೇ ಸುತ್ತುಗಳಲ್ಲಿ ಪರಿಹಾರದ ಪಿಕ್‌ಗಳು ಬರುತ್ತವೆ, ಒಂದು ತಂಡಕ್ಕೆ ನಾಲ್ಕರವರೆಗೆ. ಬೇರೆ ತಂಡ ಬಿಟ್ಟ ಆಟಗಾರನನ್ನು ಕೊಂಡರೆ ಈ ಲೆಕ್ಕಕ್ಕೆ ಬರುವುದಿಲ್ಲ, ಡ್ರಾಫ್ಟ್ ಮುಗಿದ ಮುಂದಿನ ಸೋಮವಾರದ ನಂತರ ಕೊಂಡವರೂ ಬರುವುದಿಲ್ಲ. ಅನುಭವಿ ಸೆಂಟರ್, ಎರಡನೇ ಕ್ವಾರ್ಟರ್‌ಬ್ಯಾಕ್, ಒಬ್ಬ ಸೇಫ್ಟಿ, ಇವರನ್ನು ಒಂದು ವರ್ಷದ ಒಪ್ಪಂದಕ್ಕೆ ಆಗ ತಂದರೆ ಸಾಕು.

ಆಗಸ್ಟ್ ಕೊನೆಗೆ 90 ಜನರ ಪಟ್ಟಿ 53ಕ್ಕೆ ಇಳಿಯುತ್ತದೆ. 32 ತಂಡಗಳಿಂದ ಒಂದೇ ದಿನ ಸಾವಿರಕ್ಕೂ ಹೆಚ್ಚು ಜನ ಹೊರಬೀಳುತ್ತಾರೆ. ನಾಲ್ಕು ಋತು ಪೂರೈಸದವರು ವೇವರ್‌ಗೆ (ಬೇರೆ ತಂಡಗಳು ಸರದಿಯಂತೆ ಕೇಳಿ ತೆಗೆದುಕೊಳ್ಳುವ ಪಟ್ಟಿ) ಹೋಗುತ್ತಾರೆ, ಮೂರನೇ ವಾರದವರೆಗೆ ಸರದಿ ಕಳೆದ ಋತುವಿನ ಡ್ರಾಫ್ಟ್ ಕ್ರಮದಂತೆಯೇ. ಸೋತದ್ದಕ್ಕೆ ಸಿಗುವ ಎರಡನೇ ಬಹುಮಾನ ಇದು, ಮೂರು ನಾಲ್ಕು ಜನರನ್ನಾದರೂ ಕೇಳಿ ತೆಗೆದುಕೊಳ್ಳಬೇಕು. ಮರುದಿನ ಮಧ್ಯಾಹ್ನದೊಳಗೆ ತೀರ್ಮಾನಿಸಬೇಕಾದ್ದರಿಂದ ಆಳವಾದ ಲೈನ್ ಇರುವ ಏಳೆಂಟು ತಂಡಗಳ ಮೂರನೇ ಸಾಲಿನವರ ಪೂರ್ವಭಾವಿ ಪಂದ್ಯಗಳನ್ನು ಮೊದಲೇ ನೋಡಿಟ್ಟಿರಬೇಕು. ಅಲ್ಲಿ ಹೊರಬಿದ್ದ ಎಂಟನೇ ಲೈನ್‌ಮನ್ ನಮ್ಮಲ್ಲಿ ಆರನೆಯವನಾಗಬಹುದು. ತೆಗೆದುಕೊಂಡಷ್ಟೇ ಜನರನ್ನು ನಮ್ಮ 53ರಿಂದ ಬಿಡಬೇಕು ಎಂಬುದನ್ನು ಕೋಚ್‌ಗೆ ಮುಂಚೆಯೇ ಹೇಳಿರಿ. ಹಿಂದಿನ ಸಂಜೆ ‘ನೀನು ಉಳಿದೆ’ ಎಂದು ಕೇಳಿದ ಹುಡುಗನನ್ನು ಮರುದಿನ ಕಳಿಸುವುದು ಆ ಕೋಣೆಯಲ್ಲಿರುವ ಎಲ್ಲರ ಮನಸ್ಸನ್ನೂ ಕೆಡಿಸುತ್ತದೆ.

ಡ್ರಾಫ್ಟ್‌ನಲ್ಲಿ ಬಂದವರ ಒಪ್ಪಂದವನ್ನು ಮೂರನೇ ಋತು ಮುಗಿದ ಮೇಲೆ ಮುಂದುವರಿಸಬಹುದು. ಒಂದೇ ವರ್ಷದಲ್ಲಿ ಒಟ್ಟಿಗೆ ಬಂದ ಒಳ್ಳೆಯವರು ಒಟ್ಟಿಗೇ ಬೆಲೆ ಕೇಳುತ್ತಾರೆ. ಡೆಟ್ರಾಯ್ಟ್ 2024ರ ಏಪ್ರಿಲ್‌ನಲ್ಲಿ ಸ್ಯೂಯಲ್ ಮತ್ತು ಸೇಂಟ್ ಬ್ರೌನ್ ಇಬ್ಬರ ಒಪ್ಪಂದವನ್ನೂ, ಮೇ ತಿಂಗಳಲ್ಲಿ ಗಾಫ್ ಅವರದನ್ನೂ ಮುಂದುವರಿಸಿತು. ಖಾಲಿ ಜಾಗ ಉಳಿಸಿಕೊಂಡಿದ್ದ ಲಾಭ ಕಾಣುವುದು ಇಲ್ಲಿ.

ಕೊನೆಗೆ, ಹಾಳೆಯ ತಲೆಯ ಮೇಲಿನ ಇಸವಿ. ಪ್ರತಿ ಜನವರಿಯಲ್ಲಿ ಅದು ಇನ್ನೂ ನಿಜವೇ ಎಂದು ನೋಡಬೇಕು. ಆರಿಸಿದ ಕ್ವಾರ್ಟರ್‌ಬ್ಯಾಕ್ ಸರಿಯಲ್ಲ ಎನಿಸಿದರೆ ಅವನ ಮೇಲೆ ಖರ್ಚಾದ ಪಿಕ್ ನೆನೆದು ಇನ್ನೊಂದು ವರ್ಷ ಕಳೆಯಬಾರದು. ಅರಿಝೋನಾ 2018ರಲ್ಲಿ 10ನೇ ಪಿಕ್‌ನಲ್ಲಿ ಜಾಶ್ ರೋಸನ್ ಅವರನ್ನು ತಂದು 3 ಪಂದ್ಯ ಮಾತ್ರ ಗೆದ್ದಿತು. ಮರುವರ್ಷ ಮೊದಲ ಪಿಕ್ ಕೈಗೆ ಬಂದಾಗ ಕೈಲರ್ ಮರ್ರಿ ಅವರನ್ನು ಆರಿಸಿ, ರೋಸನ್ ಅವರನ್ನು ಮಯಾಮಿಗೆ ಕೊಟ್ಟು 62ನೇ ಪಿಕ್ ಪಡೆಯಿತು. 2021ರಲ್ಲಿ ಆ ತಂಡ 11 ಪಂದ್ಯ ಗೆದ್ದು ಪ್ಲೇಆಫ್ ಆಡಿತು.