ಪಡಸಾಲೆಯಲ್ಲೊಂದು ಇಟ್ಟಿಗೆ ಗೋಡೆ, ಇಟ್ಟಿಗೆಯಿಲ್ಲದೆ

ಮೊದಲ ಸಲ ಬಣ್ಣದಲ್ಲೇ ಇಟ್ಟಿಗೆ ಗೋಡೆ ಮೂಡಿಸಲು ಹೋದಾಗ ಗೋಡೆಗೆ ಟೇಪು ಅಂಟಿಸಿ, ಡಬ್ಬಿಯ ಕೆಂಪು ಬಣ್ಣವನ್ನು ಹಾಗೆಯೇ ಬಳಿದಿದ್ದೆ. ಟೇಪು ಕಿತ್ತ ಮೇಲೆ ನಮ್ಮ ಮನೆಯವರು ಚಹಾ ಕುಡಿಯುತ್ತ ನೋಡಿ, “ಗೋಡೆಗೆ ಚೌಕಳಿ ಸೀರೆ ಉಡಿಸಿದ್ದೀಯಲ್ಲ” ಎಂದರು. ಸಿಟ್ಟು ಬಂತು, ಆದರೆ ಮಾತು ನಿಜವಾಗಿತ್ತು. ಮರುದಿನ ಹಿತ್ತಲಿನಲ್ಲಿ ಗಿಲಾವು ಉದುರಿದ ಕಾಂಪೌಂಡಿನ ಮುಂದೆ ಅರ್ಧ ಗಂಟೆ ನಿಂತೆ. ಒಂದು ಇಟ್ಟಿಗೆಯ ಬಣ್ಣ ಪಕ್ಕದ್ದಕ್ಕಿಲ್ಲ! ಗೂಡಿನಲ್ಲಿ ಬೆಂಕಿಗೆ ಹತ್ತಿರವಿದ್ದದ್ದು ಕಪ್ಪಗೆ ಬೆಂದಿದೆ, ದೂರವಿದ್ದದ್ದು ಕಿತ್ತಳೆಯಾಗಿಯೇ ಉಳಿದಿದೆ.

ಈಗ ನಾನು ಮೊದಲು ಇಡೀ ಗೋಡೆಗೆ ಗಾರೆಯ ಬಣ್ಣ ಬಳಿಯುತ್ತೇನೆ. ಹೊಳಪಿಲ್ಲದ ಬಿಳಿ ಇಮಲ್ಷನ್‌ಗೆ ಸ್ವಲ್ಪ ಹಳದಿ ಸ್ಟೇನರ್ (ಛಾಯೆಗೆಂದು ಬೆರೆಸುವ ಗಾಢ ಬಣ್ಣ), ಹನಿ ಹನಿಯಾಗಿ ಕಪ್ಪು, ಜರಡಿ ಹಿಡಿದ ಸಣ್ಣ ಮರಳು ಒಂದು ಹಿಡಿ. ಕಪ್ಪು ಹಾಕುವಾಗ ಕೈ ಬಿಗಿಯಿರಲಿ.

ರಾತ್ರಿಯೆಲ್ಲ ಒಣಗಲಿ. ಇಟ್ಟಿಗೆ ಒತ್ತುವ ಅಚ್ಚಿಗೆಂದು ಸೋಫಾ ಹೊಲಿಯುವವರ ಬಳಿಯಿಂದ ಫೋಮ್ ತಂದು 9 ಇಂಚು ಉದ್ದ, 3 ಇಂಚು ಅಗಲಕ್ಕೆ ಕತ್ತರಿಸಿ, ಮೂಲೆಗಳನ್ನು ಅಲ್ಲಲ್ಲಿ ಚಿವುಟಿ. ಅರ್ಧ ಇಟ್ಟಿಗೆಯ ತುಂಡೂ ಒಂದು ಬೇಕು. ಒಂದು ಬಿಟ್ಟು ಒಂದು ಸಾಲು ಅದರಿಂದಲೇ ಶುರುವಾಗಬೇಕು. ಗುಳ್ಳೆ ನೋಡಿ ಮಟ್ಟ ಹಿಡಿಯುವ ರಸಮಟ್ಟವಿಟ್ಟು ಮೂರೂವರೆ ಇಂಚಿಗೊಂದು ಪೆನ್ಸಿಲ್ ಗೆರೆ ಎಳೆಯಿರಿ. ನೆಲವನ್ನು ನಂಬಬೇಡಿ, ನಮ್ಮದು ಒಂದು ಕಡೆಗೆ ಮುಕ್ಕಾಲು ಇಂಚು ಇಳಿದಿದೆ. ಸಂದಿಗೆ ಅರ್ಧ ಇಂಚು ಬಿಟ್ಟರೆ 10 ಅಡಿ ಅಗಲ, 8 ಅಡಿ ಎತ್ತರದ ಗೋಡೆಗೆ ಸುಮಾರು 345 ಇಟ್ಟಿಗೆ ಹಿಡಿಯುತ್ತವೆ.

ಅಗಲವಾದ ತಟ್ಟೆಯಲ್ಲಿ ಇಟ್ಟಿಗೆಗೆಂಪು, ಕಿತ್ತಳೆ, ಕಡು ಕಂದು ಮೂರನ್ನೂ ಅಕ್ಕಪಕ್ಕ ಸುರಿಯಿರಿ, ಕಲಕಬೇಡಿ. ಫೋಮ್ ಅದ್ದಿ ಒತ್ತಿದ ಮೊದಲ ಇಟ್ಟಿಗೆ ಗಾಢ, ಎರಡನೆಯದು ತಿಳಿ, ಮೂರನೆಯದರಲ್ಲಿ ಗಾರೆ ಇಣುಕುತ್ತದೆ. ನನಗೆ ಆ ಮೂರನೆಯದೇ ಇಷ್ಟ. ಇವನ್ನು ಸಾಲಾಗಿ ಒತ್ತದೆ ಗೋಡೆಯ ತುಂಬ ಚದುರಿಸಿ.

ಎಲ್ಲರೂ ಬಿಟ್ಟುಬಿಡುವ ಕೆಲಸವೆಂದರೆ ನೆರಳು. ನಮ್ಮ ಕಿಟಕಿ ಎಡಕ್ಕಿದೆ. ಆದ್ದರಿಂದ ಪ್ರತಿ ಇಟ್ಟಿಗೆಯ ಬಲಕ್ಕೆ ಮತ್ತು ಕೆಳಗೆ, ಗಾರೆಯ ಮೇಲೆ, ನೀರು ಬೆರೆಸಿದ ಕಡು ಕಂದಿನಲ್ಲಿ ಸಣ್ಣ ಕುಂಚದಿಂದ ತೆಳು ಗೆರೆ ಎಳೆದೆ. 345 ಸಲ! ಮೂರು ಸಂಜೆ ರೇಡಿಯೊ ಹಚ್ಚಿಕೊಂಡು ಕುಳಿತೆ. ಕೈ ನಡುಗಿದಲ್ಲಿ ತಿದ್ದಲು ಹೋಗಬೇಡಿ, ಗಾರೆ ಕೆಲಸದವರ ಕೈಯೂ ನೆಟ್ಟಗಿರುವುದಿಲ್ಲ.

ಸ್ವಿಚ್‌ಬೋರ್ಡಿನ ಸುತ್ತಲಿನ ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಮೇನ್ ಸ್ವಿಚ್ ಆರಿಸಿ, ಬೋರ್ಡಿಗೆ ಟೇಪು ಸುತ್ತಿ, ಉಳಿದ ಫೋಮನ್ನು ಆ ಜಾಗದ ಅಳತೆಗೆ ಕತ್ತರಿಸಿ ಒತ್ತಿ.